ಗೇರುಗಳ ಘರ್ಷಣೆ: ಹಳೆಯ ಲಾರಿಯ ಗೇರ್‌ಬಾಕ್ಸ್ ಬಿಚ್ಚುವ ಮುನ್ನ

ಪುಣೆ–ಬೆಂಗಳೂರು ರಾಷ್ಟ್ರೀಯ ಹೆದ್ದಾರಿಯಲ್ಲಿ ಸಂಕೇಶ್ವರವನ್ನು ದಾಟಿ ನಿಪ್ಪಾಣಿಯತ್ತ ಸಾಗುವ ಲಾರಿಯು ತವಂದಿ ಘಾಟನ್ನು ಇಳಿಯಬೇಕಾಗುತ್ತದೆ. ಸ್ತವನಿಧಿ ಕ್ಷೇತ್ರದ ಬಳಿಯ ಈ ಇಳಿಜಾರಿನಲ್ಲಿ ಭಾರ ಹೊತ್ತ ವಾಹನವನ್ನು ಹತೋಟಿಯಲ್ಲಿಡುವುದು ಬ್ರೇಕು ಒಂದೇ ಅಲ್ಲ. ಕೆಳ ಗೇರಿನಲ್ಲಿರುವ ಎಂಜಿನ್ನೂ ಅದರಷ್ಟೇ ಮುಖ್ಯವಾದ ಹಿಡಿತವನ್ನು ಒದಗಿಸುತ್ತದೆ. ಇಳಿಜಾರಿನ ನಡುವೆ ಚಾಲಕನು ನಾಲ್ಕರಿಂದ ಮೂರನೆಯ ಗೇರಿಗೆ ಬರಲು ಹೋಗಿ, ಗೇರು ಕರಕರ ಸದ್ದು ಮಾಡಿ ಕೂರದೆ ನ್ಯೂಟ್ರಲ್‌ನಲ್ಲೇ ಉಳಿದರೆ, ಆ ಕ್ಷಣದಿಂದ ವಾಹನದ ಸಂಪೂರ್ಣ ಭಾರವು ಬ್ರೇಕಿನ ಮೇಲೆ ಬೀಳುತ್ತದೆ. ಗೇರುಗಳ ಘರ್ಷಣೆಯನ್ನು ಕೇವಲ ಕಿವಿಗೆ ಕಿರಿಕಿರಿಯ ಸಂಗತಿಯೆಂದು ಕಡೆಗಣಿಸಲಾಗದು ಎಂಬುದಕ್ಕೆ ಇದೊಂದೇ ಕಾರಣ ಸಾಕು.

ಎರಡನೆಯ ಕಾರಣವು ವ್ಯಾಪಾರಕ್ಕೆ ಸಂಬಂಧಿಸಿದ್ದು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಹಾಗೂ ಕಾಗವಾಡ ತಾಲೂಕುಗಳ ವರ್ತಕರು ಮತ್ತು ಸಣ್ಣ ಉದ್ದಿಮೆದಾರರಲ್ಲಿ ಹಳೆಯ ಲಾರಿಯೊಂದನ್ನು ಸ್ವಂತಕ್ಕೆ ಇಟ್ಟುಕೊಂಡವರಿಗೆ ಈ ಸದ್ದು ಪರಿಚಿತವೇ. ಸದ್ದು ಕೇಳಿದೊಡನೆ ಗೇರ್‌ಬಾಕ್ಸನ್ನು ಕೆಳಗಿಳಿಸಿ, ಹಲ್ಲಿನ ಸೆಟ್ಟನ್ನೇ ಬದಲಿಸಿ, ಸಾವಿರಾರು ರೂಪಾಯಿ ಖರ್ಚು ಮಾಡಿದ ಮೇಲೂ ಸದ್ದು ಹಾಗೆಯೇ ಉಳಿಯುವ ಪ್ರಸಂಗಗಳುಂಟು. ಏಕೆಂದರೆ ದೋಷವು ಗೇರ್‌ಬಾಕ್ಸಿನಲ್ಲಿ ಇರಲೇ ಇಲ್ಲ. ಅದು ಕ್ಲಚ್ಚಿನಲ್ಲಿತ್ತು, ಎಣ್ಣೆಯಲ್ಲಿತ್ತು ಅಥವಾ ಚಾಲನೆಯ ರೂಢಿಯಲ್ಲಿತ್ತು. ಅಗ್ಗದ ಪರೀಕ್ಷೆಯನ್ನು ಮೊದಲು, ದುಬಾರಿ ಕೆಲಸವನ್ನು ಕೊನೆಗೆ ಎಂಬ ಕ್ರಮವನ್ನು ಪಾಲಿಸಿದಲ್ಲಿ ಹಣ, ದಿನ ಎರಡೂ ಉಳಿಯುತ್ತವೆ.

ಹಳೆಯ ಲಾರಿ ಮತ್ತು ಗಡಿಭಾಗದ ದುಡಿಮೆ

ನಿಪ್ಪಾಣಿಯ ಬೀಡಿ ತಂಬಾಕು, ಕೃಷ್ಣಾ ಮತ್ತು ದೂಧಗಂಗಾ ತೀರದ ಕಬ್ಬು ಹಾಗೂ ಬೆಲ್ಲ, ಅಥಣಿಯ ಚಪ್ಪಲಿ ಮತ್ತು ಒಣದ್ರಾಕ್ಷಿ ಇವೆಲ್ಲವೂ ರಸ್ತೆಯನ್ನೇ ನೆಚ್ಚಿರುವ ಸರಕುಗಳು. ಉಗಾರ ಖುರ್ದದಲ್ಲಿ 1939ರಲ್ಲಿ ಸ್ಥಾಪನೆಯಾದ ಉಗಾರ ಶುಗರ್ ವರ್ಕ್ಸ್ ಮೊದಲುಗೊಂಡು ನಂತರದ ಸಹಕಾರಿ ಹಾಗೂ ಖಾಸಗಿ ಕಾರ್ಖಾನೆಗಳವರೆಗೆ, ಕಬ್ಬು ನುರಿಸುವ ಹಂಗಾಮಿನಲ್ಲಿ ಈ ಭಾಗದ ರಸ್ತೆಗಳ ಮೇಲೆ ಎತ್ತಿನ ಗಾಡಿ, ಟ್ರ್ಯಾಕ್ಟರ್ ಮತ್ತು ಲಾರಿಗಳ ಸಾಲು ಕಡಿಯುವುದಿಲ್ಲ.

ಭಾರತದ ರಸ್ತೆಗಳಲ್ಲಿ ಹಳೆಯ ಲಾರಿಗಳ ವಂಶಾವಳಿ ಸ್ಪಷ್ಟವಾಗಿಯೇ ಇದೆ. 1945ರಲ್ಲಿ ಸ್ಥಾಪನೆಯಾದ ಟೆಲ್ಕೊ ಸಂಸ್ಥೆಯು 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡು ಲಾರಿಗಳನ್ನು ತಯಾರಿಸತೊಡಗಿತು. ಆ ಒಪ್ಪಂದವು 1969ರಲ್ಲಿ ಮುಗಿಯಿತು. ಮುಂಭಾಗದ ಬೆಂಜ್ ಲಾಂಛನದ ಸ್ಥಾನದಲ್ಲಿ ಟಾಟಾ ಗುರುತು ಬಂದಿತು. 1948ರಲ್ಲಿ ಆರಂಭವಾದ ಅಶೋಕ್ ಮೋಟಾರ್ಸ್ ಸಂಸ್ಥೆಯು ಬ್ರಿಟನ್ನಿನ ಲೇಲ್ಯಾಂಡ್ ಬಂಡವಾಳ ಸೇರಿದ ಮೇಲೆ 1955ರಲ್ಲಿ ಅಶೋಕ್ ಲೇಲ್ಯಾಂಡ್ ಎನಿಸಿಕೊಂಡು ಕಾಮೆಟ್ ಮುಂತಾದ ಮಾದರಿಗಳನ್ನು ನೀಡಿತು. ಹಿಂದುಸ್ತಾನ್ ಮೋಟಾರ್ಸ್‌ನ ಬೆಡ್‌ಫೋರ್ಡ್, ಪ್ರೀಮಿಯರ್ ಆಟೊಮೊಬೈಲ್ಸ್‌ನ ಡಾಡ್ಜ್ ಮತ್ತು ಫಾರ್ಗೊ ಲಾರಿಗಳೂ ಆ ಕಾಲದವು. ವಿದ್ಯುನ್ಮಾನ ಉಪಕರಣಗಳಿಲ್ಲದ, ಪಾನಾ ಮತ್ತು ಸುತ್ತಿಗೆಗಳಿಂದಲೇ ಬಿಚ್ಚಿ ಜೋಡಿಸಬಹುದಾದ ಈ ವಾಹನಗಳನ್ನು ಊರಿನ ಮಿಸ್ತ್ರಿಯೇ ದುರಸ್ತಿ ಮಾಡಬಲ್ಲನೆಂಬುದು ಅವು ದೀರ್ಘಕಾಲ ಬಾಳಿದುದಕ್ಕೆ ಮುಖ್ಯ ಕಾರಣ. ಆದರೆ ಇದೇ ಅನುಕೂಲವು ಅವಸರದ ದುರಸ್ತಿಗೂ ದಾರಿ ಮಾಡಿಕೊಡುತ್ತದೆ.

ಸದ್ದು ಹುಟ್ಟುವ ಬಗೆ

ಗೇರುಗಳು ಏಕೆ ಘರ್ಷಿಸುತ್ತವೆ ಎಂಬುದನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ಲಾರಿಯು ಒಂದು ನಿರ್ದಿಷ್ಟ ವೇಗದಲ್ಲಿ ಓಡುತ್ತಿರುವಾಗ ಗೇರ್‌ಬಾಕ್ಸಿನಿಂದ ಹೊರಬರುವ ಮುಖ್ಯ ಶಾಫ್ಟು ನಿಮಿಷಕ್ಕೆ 1000 ಸುತ್ತು ತಿರುಗುತ್ತಿದೆ ಎಂದು ಭಾವಿಸೋಣ. ನಾಲ್ಕನೆಯ ಗೇರಿನ ಅನುಪಾತವು 1.5 ಹಾಗೂ ಐದನೆಯದು 1 ಆಗಿದ್ದರೆ, ನಾಲ್ಕನೆಯ ಗೇರಿನಲ್ಲಿ ಎಂಜಿನ್ ಕಡೆಯ ಶಾಫ್ಟು 1500 ಸುತ್ತು, ಐದನೆಯದರಲ್ಲಿ 1000 ಸುತ್ತು ತಿರುಗಬೇಕು. ಅಂದರೆ ಗೇರು ಮೇಲೇರಿಸುವಾಗ ಎಂಜಿನ್ ಕಡೆಯ ಭಾಗವು 500 ಸುತ್ತಿನಷ್ಟು ನಿಧಾನವಾಗಬೇಕು. ಕೆಳಗಿಳಿಸುವಾಗ ಅಷ್ಟೇ ಚುರುಕಾಗಬೇಕು. ಈ ವ್ಯತ್ಯಾಸವು ಅಳಿಯುವ ಮುನ್ನವೇ ಲಿವರನ್ನು ಒತ್ತಿದರೆ, ಬೇರೆ ಬೇರೆ ವೇಗದಲ್ಲಿ ತಿರುಗುತ್ತಿರುವ ಉಕ್ಕಿನ ಹಲ್ಲುಗಳು ಒಂದರ ತುದಿಯನ್ನೊಂದು ಕೆರೆಯುತ್ತವೆ. ಕೇಳಿಬರುವ ಕರಕರ ಸದ್ದು ಇದೇ ಆಗಿದೆ.

ಈ ವೇಗಗಳನ್ನು ಸರಿಹೊಂದಿಸುವ ಹೊಣೆ ಯಾರದು ಎಂಬುದರ ಮೇಲೆ ಗೇರ್‌ಬಾಕ್ಸುಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು. ಅತಿ ಹಳೆಯದಾದ ಸ್ಲೈಡಿಂಗ್ ಮೆಶ್ ಬಗೆಯಲ್ಲಿ ಗೇರುಚಕ್ರವೇ ಜಾರಿ ಬಂದು ಇನ್ನೊಂದರ ಹಲ್ಲಿನೊಳಗೆ ಕೂರುತ್ತದೆ. ಕಾನ್‌ಸ್ಟಂಟ್ ಮೆಶ್ ಬಗೆಯಲ್ಲಿ ಗೇರುಚಕ್ರಗಳು ಸದಾ ಪರಸ್ಪರ ಕಚ್ಚಿಕೊಂಡೇ ಇರುತ್ತವೆ. ಜಾರುವುದು ಡಾಗ್ ಎಂಬ ಹಲ್ಲಿನ ಜೋಡಣೆ ಮಾತ್ರ. ಈ ಎರಡರಲ್ಲಿಯೂ ವೇಗ ಹೊಂದಿಸುವ ಹೊಣೆ ಚಾಲಕನದೇ. ಮೂರನೆಯದಾದ ಸಿಂಕ್ರೊಮೆಶ್ ಬಗೆಯನ್ನು ರೂಪಿಸಿದವನು ಅಮೆರಿಕದ ಅರ್ಲ್ ಥಾಂಪ್ಸನ್. 1928ರಲ್ಲಿ ಕ್ಯಾಡಿಲಾಕ್ ಕಾರುಗಳಲ್ಲಿ ಅದು ಮೊದಲು ಬಳಕೆಗೆ ಬಂದಿತು. ಇಂದು ರೂಢಿಯಲ್ಲಿರುವ ಸಿಂಕ್ರೊಮೆಶ್‌ನಲ್ಲಿ ಹಿತ್ತಾಳೆಯ ಉಂಗುರವೊಂದು ಗೇರಿನ ಶಂಕುವಿನಾಕಾರದ ಭಾಗವನ್ನು ಒತ್ತಿ ಹಿಡಿದು, ಘರ್ಷಣದ ಬಲದಿಂದ ಎರಡರ ವೇಗವನ್ನೂ ಸಮಗೊಳಿಸುತ್ತದೆ. ವೇಗಗಳು ಸಮವಾಗುವವರೆಗೆ ಸ್ಲೀವು ಮುಂದೆ ಹೋಗದಂತೆ ತಡೆಯುತ್ತದೆ.

ಆದ್ದರಿಂದ ಮಾಲೀಕರು ಮೊದಲು ತಿಳಿಯಬೇಕಾದದ್ದು ತಮ್ಮ ಲಾರಿಯ ಯಾವ ಗೇರಿಗೆ ಸಿಂಕ್ರೊಮೆಶ್ ಇದೆ, ಯಾವುದಕ್ಕೆ ಇಲ್ಲ ಎಂಬುದನ್ನು. ಹಳೆಯ ಅನೇಕ ಮಾದರಿಗಳಲ್ಲಿ ರಿವರ್ಸ್ ಗೇರಿಗೆ, ಕೆಲವದರಲ್ಲಿ ಮೊದಲನೆಯ ಗೇರಿಗೂ ಈ ಸೌಲಭ್ಯ ಇರುವುದಿಲ್ಲ. ಇಲ್ಲದ ಉಂಗುರವನ್ನು ಬದಲಿಸಲು ಯಾವ ಮಿಸ್ತ್ರಿಗೂ ಸಾಧ್ಯವಿಲ್ಲ.

ಸದ್ದು ಯಾವಾಗ, ಯಾವ ಗೇರಿನಲ್ಲಿ?

ವೈದ್ಯರು ನಾಡಿ ನೋಡಿದಂತೆ, ದುರಸ್ತಿಗೆ ಮುನ್ನ ಸದ್ದಿನ ಸಮಯ ಮತ್ತು ಸ್ಥಾನಗಳನ್ನು ಗುರುತಿಸುವುದು ಅವಶ್ಯಕ. ಚಾಲಕನನ್ನು ಕೇಳಿ ಈ ಕೆಳಗಿನ ಅಂಶಗಳನ್ನು ಬರೆದಿಟ್ಟುಕೊಂಡರೆ ಅರ್ಧ ಕೆಲಸ ಮುಗಿದಂತೆಯೇ.

1. ಲಾರಿ ನಿಂತಿರುವಾಗ ಮೊದಲನೆಯ ಅಥವಾ ರಿವರ್ಸ್ ಗೇರು ಹಾಕುವಾಗ ಮಾತ್ರ ಸದ್ದು ಬಂದರೆ, ಕ್ಲಚ್ಚು ಸಂಪೂರ್ಣವಾಗಿ ಬಿಡುತ್ತಿಲ್ಲವೆಂಬ ಶಂಕೆ ಪ್ರಬಲವಾಗುತ್ತದೆ.

2. ಓಡುತ್ತಿರುವಾಗ ಎಲ್ಲ ಗೇರುಗಳಲ್ಲೂ ಸದ್ದಿದ್ದರೆ ಆಗಲೂ ಕ್ಲಚ್ಚು, ತರುವಾಯ ಎಣ್ಣೆಯನ್ನು ಪರೀಕ್ಷಿಸತಕ್ಕದ್ದು.

3. ಒಂದೇ ಒಂದು ಗೇರಿನಲ್ಲಿ, ಉದಾಹರಣೆಗೆ ಮೂರನೆಯದರಲ್ಲಿ ಮಾತ್ರ ಸದ್ದಿದ್ದು ಉಳಿದವು ಮೃದುವಾಗಿ ಕೂರುತ್ತಿದ್ದರೆ, ಆ ಗೇರಿನ ಸಿಂಕ್ರೊ ಉಂಗುರ ಅಥವಾ ಡಾಗ್ ಹಲ್ಲು ಸವೆದಿರಬಹುದು. ಕ್ಲಚ್ಚಿನ ದೋಷವು ಒಂದೇ ಗೇರನ್ನು ಆರಿಸಿಕೊಂಡು ಕಾಡುವುದು ಅಪರೂಪ.

4. ಚಳಿಗಾಲದ ಬೆಳಗಿನಲ್ಲಿ ಮಾತ್ರ ಗೇರು ಬಿಗಿಯಾಗಿದ್ದು, ಬಿಸಿಯಾದ ಮೇಲೆ ಸರಿಹೋದರೆ ಎಣ್ಣೆಯು ಅಗತ್ಯಕ್ಕಿಂತ ಗಟ್ಟಿಯಾಗಿದೆಯೆಂದು ಊಹಿಸಬಹುದು.

5. ಗೇರು ಕೂತ ಮೇಲೆ ತಾನಾಗಿಯೇ ನ್ಯೂಟ್ರಲ್‌ಗೆ ಜಾರಿದರೆ ಫೋರ್ಕು, ಲಾಕಿಂಗ್ ಗುಂಡು ಮತ್ತು ಸ್ಪ್ರಿಂಗು, ಡಾಗ್ ಹಲ್ಲುಗಳ ಸವೆತ ಅಥವಾ ಗೇರ್‌ಬಾಕ್ಸಿನ ಮೌಂಟಿಂಗುಗಳನ್ನು ನೋಡಬೇಕು.

6. ಗೇರು ಬದಲಿಸುವಾಗ ಸದ್ದಿಲ್ಲದೆ, ಓಡುವಾಗ ಎಡೆಬಿಡದೆ ಗುಂಯ್‌ಗುಟ್ಟುತ್ತಿದ್ದರೆ ಅದು ಘರ್ಷಣೆಯಲ್ಲ. ಬೇರಿಂಗಿನ ಅಥವಾ ಗೇರುಚಕ್ರದ ಸವೆತ. ಇದನ್ನು ಬೇರೆಯಾಗಿಯೇ ಪರಿಗಣಿಸಬೇಕು.

ಮೊದಲ ಪರೀಕ್ಷೆ: ಕ್ಲಚ್ಚು

ಕ್ಲಚ್ಚಿನ ಪರೀಕ್ಷೆಗೆ ಯಾವ ಖರ್ಚೂ ಇಲ್ಲ. ಲಾರಿಯನ್ನು ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ, ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಕೈಬ್ರೇಕು ಎಳೆದು, ಮುಂದೆ ಹಿಂದೆ ಯಾರೂ ಇಲ್ಲದಂತೆ ನೋಡಿಕೊಳ್ಳಬೇಕು. ಎಂಜಿನ್ನು ನಿಧಾನಗತಿಯಲ್ಲಿ ತಿರುಗುತ್ತಿರಲಿ. ಕ್ಲಚ್ ಪೆಡಲನ್ನು ಪೂರ್ತಿಯಾಗಿ ತುಳಿದು ಹತ್ತು ಸೆಕೆಂಡು ತಡೆದು, ಬಳಿಕ ನಿಧಾನವಾಗಿ ರಿವರ್ಸ್ ಗೇರು ಹಾಕಬೇಕು. ಹತ್ತು ಸೆಕೆಂಡಿನ ನಂತರವೂ ಕರಕರ ಸದ್ದು ಬಂದರೆ, ಕ್ಲಚ್ ಪ್ಲೇಟು ಎಂಜಿನ್ನಿನಿಂದ ಬೇರ್ಪಡದೆ ಗೇರ್‌ಬಾಕ್ಸಿನ ಶಾಫ್ಟನ್ನು ತಿರುಗಿಸುತ್ತಲೇ ಇದೆ ಎಂದರ್ಥ. ತಕ್ಷಣ ಹಾಕಿದಾಗ ಸದ್ದು ಬಂದು, ಹತ್ತು ಸೆಕೆಂಡು ಕಾದಾಗ ಬಾರದಿದ್ದರೆ ಕ್ಲಚ್ಚು ಬಿಡುತ್ತಿದೆ. ಚಾಲಕನ ಅವಸರವೇ ಕಾರಣವಾಗಿರಬಹುದು. ಇದಲ್ಲದೆ ಎಂಜಿನ್ನಿನ ನಿಧಾನಗತಿಯೇ ಅತಿಯಾಗಿ ಏರಿದ್ದರೂ ನಿಂತಲ್ಲಿ ಗೇರು ಘರ್ಷಿಸುವುದುಂಟು. ಅದನ್ನು ಸರಿಪಡಿಸಲು ಒಂದು ಸ್ಕ್ರೂ ತಿರುವುವುದಷ್ಟೇ ಸಾಕು.

ಕ್ಲಚ್ಚು ಬಿಡುತ್ತಿಲ್ಲವೆಂದು ಖಚಿತವಾದ ಮೇಲೆ ಮೊದಲು ನೋಡಬೇಕಾದದ್ದು ಪೆಡಲಿನ ಖಾಲಿ ಚಲನೆ, ಅಂದರೆ ಫ್ರೀ ಪ್ಲೇ. ಇದು ಹೆಚ್ಚಾದರೆ ಪೆಡಲನ್ನು ಪೂರ್ತಿ ತುಳಿದರೂ ಪ್ರೆಶರ್ ಪ್ಲೇಟು ಸಾಕಷ್ಟು ಹಿಂದೆ ಸರಿಯುವುದಿಲ್ಲ, ಗೇರು ಘರ್ಷಿಸುತ್ತದೆ. ಕಡಿಮೆಯಾದರೆ ಕ್ಲಚ್ಚು ಜಾರಿ, ಪ್ಲೇಟು ಸುಟ್ಟುಹೋಗುತ್ತದೆ. ಹಳೆಯ ಲಾರಿಗಳಲ್ಲಿ ಇದು ಸಾಮಾನ್ಯವಾಗಿ ಒಂದು ಅಂಗುಲದ ಆಸುಪಾಸಿನಲ್ಲಿರುತ್ತದಾದರೂ ಆಯಾ ಮಾದರಿಯ ಕೈಪಿಡಿಯ ಅಳತೆಯೇ ಅಂತಿಮ. ಅನಂತರ ಪೆಡಲಿನಿಂದ ರಿಲೀಸ್ ಫೋರ್ಕಿನವರೆಗಿನ ಪಿನ್ನುಗಳು, ಬುಶ್‌ಗಳು, ಅವುಗಳ ರಂಧ್ರಗಳನ್ನು ಪರಿಶೀಲಿಸಬೇಕು. ಪ್ರತಿಯೊಂದು ಪಿನ್ನಿನಲ್ಲಿ ಎರಡು ಮಿಲಿಮೀಟರ್ ಸವೆತವಿದ್ದರೂ ನಾಲ್ಕೈದು ಕೀಲುಗಳು ಸೇರಿ ಪೆಡಲಿನ ಅಮೂಲ್ಯವಾದ ಚಲನೆಯನ್ನೇ ನುಂಗಿಬಿಡುತ್ತವೆ. ಹೈಡ್ರಾಲಿಕ್ ಕ್ಲಚ್ಚಾಗಿದ್ದರೆ ದ್ರವದ ಮಟ್ಟ, ಸೋರಿಕೆ ಮತ್ತು ಕೊಳವೆಯಲ್ಲಿ ಸೇರಿಕೊಂಡ ಗಾಳಿಯನ್ನು ನೋಡಬೇಕು. ಪೆಡಲನ್ನು ಎರಡು ಮೂರು ಬಾರಿ ಬೇಗಬೇಗನೆ ತುಳಿದ ಮೇಲೆ ಗೇರು ಸಲೀಸಾಗಿ ಕೂತರೆ ಗಾಳಿ ಸೇರಿರುವುದು ಬಹುಮಟ್ಟಿಗೆ ನಿಶ್ಚಿತ.

ಹಂಗಾಮು ಮುಗಿದ ಲಾರಿಯ ತುಕ್ಕು

ಈ ಭಾಗಕ್ಕೆ ವಿಶೇಷವಾಗಿ ಅನ್ವಯಿಸುವ ಕಾರಣವೊಂದಿದೆ. ಕಬ್ಬಿನ ಹಂಗಾಮು ಸಾಮಾನ್ಯವಾಗಿ ಅಕ್ಟೋಬರ್–ನವೆಂಬರ್‌ನಲ್ಲಿ ಆರಂಭವಾಗಿ ಮಾರ್ಚ್ ಹೊತ್ತಿಗೆ ಮುಗಿಯುತ್ತದೆ. ಕಬ್ಬಿಗೆಂದೇ ಇಟ್ಟುಕೊಂಡ ಲಾರಿಯು ತದನಂತರ ಬೇಸಿಗೆಯನ್ನೂ ಇಡೀ ಮಳೆಗಾಲವನ್ನೂ ಅಂಗಳದಲ್ಲಿ ನಿಂತೇ ಕಳೆಯುತ್ತದೆ. ತೇವಾಂಶದಿಂದ ಕ್ಲಚ್ ಪ್ಲೇಟು ಫ್ಲೈವೀಲಿಗೆ ಅಂಟಿಕೊಳ್ಳುತ್ತದೆ. ಪ್ಲೇಟು ಹಿಂದೆ ಮುಂದೆ ಜಾರಬೇಕಾದ ಶಾಫ್ಟಿನ ಸ್ಪ್ಲೈನುಗಳು ತುಕ್ಕು ಹಿಡಿಯುತ್ತವೆ. ಫ್ಲೈವೀಲಿನ ನಡುವಿನ ಸ್ಪಿಗಾಟ್ ಬೇರಿಂಗು ಒಣಗಿ ಬಿಗಿಯಾಗುತ್ತದೆ. ಹಂಗಾಮಿನ ಮೊದಲ ದಿನವೇ ಗೇರು ಕೂರದೆ ಸದ್ದು ಮಾಡಿದಾಗ, ಮಾರ್ಚಿನಲ್ಲಿ ಸರಿಯಾಗಿದ್ದ ಗೇರ್‌ಬಾಕ್ಸು ನಿಂತಲ್ಲೇ ಕೆಟ್ಟಿತೆಂದು ಭಾವಿಸುವುದು ತರ್ಕಕ್ಕೆ ಒಪ್ಪುವಂಥದಲ್ಲ. ನಿಂತ ಗೇರಿನ ಹಲ್ಲು ಸವೆಯುವುದಿಲ್ಲ. ನಿಂತ ಕ್ಲಚ್ಚು ತುಕ್ಕು ಹಿಡಿಯುತ್ತದೆ.

ಇದಕ್ಕೆ ಪರಿಹಾರ ಸುಲಭ. ಬಿಡುವಿನ ತಿಂಗಳುಗಳಲ್ಲಿ ಹದಿನೈದು ದಿನಗಳಿಗೊಮ್ಮೆಯಾದರೂ ಲಾರಿಯನ್ನು ಚಾಲೂ ಮಾಡಿ, ಕ್ಲಚ್ಚನ್ನು ಹತ್ತಾರು ಬಾರಿ ತುಳಿದು, ಒಂದೆರಡು ಕಿಲೋಮೀಟರ್ ಓಡಿಸಬೇಕು. ಗೇರ್‌ಬಾಕ್ಸನ್ನು ಬೇರೆ ಕಾರಣಕ್ಕೆ ಇಳಿಸಿದಾಗ ಸ್ಪ್ಲೈನುಗಳ ತುಕ್ಕನ್ನು ತೆಗೆದು, ಉಷ್ಣ ತಾಳುವ ಗ್ರೀಸನ್ನು ತೆಳುವಾಗಿ ಸವರಬೇಕು. ಗ್ರೀಸು ಅತಿಯಾದರೆ ಪ್ಲೇಟಿನ ಮೇಲೆ ಸಿಡಿದು ಕ್ಲಚ್ಚು ಜಾರುತ್ತದೆ. ಸ್ಪಿಗಾಟ್ ಬೇರಿಂಗಿನ ಬೆಲೆ ಕಡಿಮೆ, ಅದನ್ನು ತಲುಪುವ ಕೂಲಿ ಹೆಚ್ಚು. ಹೀಗಾಗಿ ಗೇರ್‌ಬಾಕ್ಸು ಕೆಳಗಿಳಿದಾಗಲೆಲ್ಲ ಹೊಸದನ್ನೇ ಹಾಕುವುದು ಜಾಣತನ.

ಕಾರ್ಖಾನೆಯ ಅಂಗಳದ ಪಾಳಿಯೂ ಕ್ಲಚ್ಚಿಗೆ ಶತ್ರುವೇ. ಕಬ್ಬಿನ ಲಾರಿಯು ಗಂಟೆಗಟ್ಟಲೆ ಹತ್ತು ಹೆಜ್ಜೆ ಮುಂದೆ ಸರಿದು ಮತ್ತೆ ನಿಲ್ಲುತ್ತದೆ. ಚಾಲಕನು ಗೇರು ಹಾಕಿಯೇ ಪೆಡಲು ತುಳಿದು ಕುಳಿತರೆ ರಿಲೀಸ್ ಬೇರಿಂಗು ಮತ್ತು ಲಿವರುಗಳು ಸವೆಯುತ್ತವೆ. ಅರ್ಧ ಕ್ಲಚ್ಚಿನಲ್ಲೇ ಸರಿಯುತ್ತ ಹೋದರೆ ಪ್ಲೇಟು ಕಾದು ಬಾಗುತ್ತದೆ. ಬಾಗಿದ ಪ್ಲೇಟು ಮುಂದೆ ಎಷ್ಟು ಹೊಂದಿಸಿದರೂ ಪೂರ್ತಿಯಾಗಿ ಬಿಡದು. ಪಾಳಿಯಲ್ಲಿ ನಿಂತಾಗ ನ್ಯೂಟ್ರಲ್, ಕೈಬ್ರೇಕು, ಪೆಡಲಿನಿಂದ ಕಾಲು ತೆಗೆಯುವುದು ಎಂಬ ಮೂರು ರೂಢಿಗಳು ಸಾವಿರಾರು ರೂಪಾಯಿಗಳ ಉಳಿತಾಯಕ್ಕೆ ಸಮ.

ಎರಡನೆಯ ಪರೀಕ್ಷೆ: ಎಣ್ಣೆ

ಕ್ಲಚ್ಚು ಸರಿಯಿದ್ದರೆ ಗೇರ್‌ಬಾಕ್ಸಿನ ಎಣ್ಣೆಯತ್ತ ಗಮನ ಹರಿಸಬೇಕು. ಮಟ್ಟ ಕಡಿಮೆಯಿದ್ದರೆ ಶಾಫ್ಟಿನ ಮೇಲಿನ ಗೇರುಗಳು ಬಿಸಿಯೇರಿ ಬಿಗಿಯಾಗುತ್ತವೆ. ಅಗತ್ಯಕ್ಕಿಂತ ಗಟ್ಟಿಯಾದ ಎಣ್ಣೆಯು ಸಿಂಕ್ರೊ ಉಂಗುರ ಮತ್ತು ಶಂಕುವಿನ ನಡುವಿನಿಂದ ಬೇಗ ಹೊರಹೋಗದೆ, ಉಂಗುರದ ಹಿಡಿತವನ್ನು ತಡಮಾಡುತ್ತದೆ. ಸದ್ದನ್ನು ಅಡಗಿಸಲೆಂದು 90ರ ಬದಲು 140ರ ದರ್ಜೆಯ ಎಣ್ಣೆ ಹಾಕುವ ರೂಢಿಯು ಬೇರಿಂಗಿನ ಸದ್ದನ್ನು ಕೆಲಕಾಲ ಮರೆಮಾಡೀತು; ಗೇರಿನ ಘರ್ಷಣೆಯನ್ನು ಹೆಚ್ಚಿಸುವ ಸಾಧ್ಯತೆಯೇ ಅಧಿಕ.

ಇದಕ್ಕಿಂತ ಗಂಭೀರವಾದ ತಪ್ಪು ಇನ್ನೊಂದಿದೆ. ಡಬ್ಬಿಯ ಮೇಲೆ ಜಿಎಲ್-4, ಜಿಎಲ್-5 ಎಂಬ ದರ್ಜೆಗಳು ನಮೂದಾಗಿರುತ್ತವೆ. ಜಿಎಲ್-5 ಎಣ್ಣೆಯು ಹಿಂದಿನ ಆಕ್ಸಲಿನ ಕ್ರೌನ್ ಮತ್ತು ಪಿನಿಯನ್‌ಗಳ ತೀವ್ರ ಒತ್ತಡಕ್ಕೆಂದು ರೂಪಿತವಾದದ್ದು. ಅದರಲ್ಲಿ ಗಂಧಕ ಮತ್ತು ರಂಜಕಯುಕ್ತ ಮಿಶ್ರಕಗಳ ಪ್ರಮಾಣ ಹೆಚ್ಚು. ಅಂತಹ ಕೆಲವು ಎಣ್ಣೆಗಳು ಬಿಸಿಯಾದಾಗ ಹಿತ್ತಾಳೆ ಮತ್ತು ಕಂಚಿನ ಭಾಗಗಳನ್ನು ತಿನ್ನುತ್ತವೆ. ಸಿಂಕ್ರೊ ಉಂಗುರವು ಹಿತ್ತಾಳೆಯದೇ ಆಗಿರುವುದರಿಂದ ಅಪಾಯವೆಲ್ಲಿದೆಯೆಂಬುದು ಸ್ಪಷ್ಟ. ಆಕ್ಸಲಿಗೂ ಗೇರ್‌ಬಾಕ್ಸಿಗೂ ಒಂದೇ ಡ್ರಮ್ಮಿನಿಂದ ಎಣ್ಣೆ ಸುರಿಯುವ ಮುನ್ನ ಕೈಪಿಡಿಯನ್ನು ನೋಡುವುದು ಉಚಿತ.

ಹಳೆಯ ಎಣ್ಣೆಯನ್ನು ಇಳಿಸುವಾಗ ಅದನ್ನು ಚರಂಡಿಗೆ ಬಿಡದೆ ಶುಭ್ರವಾದ ತಟ್ಟೆಯಲ್ಲಿ ಹಿಡಿದು ನೋಡಬೇಕು. ಹಳದಿ ಬಣ್ಣದ ಮಿನುಗುವ ಕಣಗಳು ಕಂಡರೆ ಸಿಂಕ್ರೊ ಉಂಗುರ ಸವೆಯುತ್ತಿದೆ. ಅಯಸ್ಕಾಂತಕ್ಕೆ ಅಂಟುವ ಸಣ್ಣ ಪುಡಿ ಸಹಜ. ಆದರೆ ಚೂಪಾದ ಉಕ್ಕಿನ ಚೂರುಗಳು ದೊರೆತರೆ ಹಲ್ಲು ಮುರಿದಿದೆ ಅಥವಾ ಬೇರಿಂಗು ಒಡೆದಿದೆ. ಎಣ್ಣೆಯು ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ಪೆಟ್ಟಿಗೆಯ ಒಳಗನ್ನು ಬಿಚ್ಚದೆಯೇ ನೋಡಲು ಇದಕ್ಕಿಂತ ಅಗ್ಗದ ಕಿಟಕಿ ಮತ್ತೊಂದಿಲ್ಲ.

ಮೂರನೆಯ ಪರೀಕ್ಷೆ: ಚಾಲನೆಯ ರೂಢಿ

ಸಿಂಕ್ರೊಮೆಶ್ ಇಲ್ಲದ ಲಾರಿಗಳನ್ನು ಓಡಿಸಿದ ಹಿಂದಿನ ತಲೆಮಾರಿನ ಚಾಲಕರು ಡಬಲ್ ಕ್ಲಚ್ ಪದ್ಧತಿಯನ್ನು ಕರಗತ ಮಾಡಿಕೊಂಡಿದ್ದರು. ಹೊಸ ವಾಹನಗಳಲ್ಲಿ ಕಲಿತ ಚಾಲಕರಿಗೆ ಅದರ ಪರಿಚಯವಿರುವುದಿಲ್ಲ. ಹೀಗಾಗಿ ಅದೇ ಲಾರಿ, ಅದೇ ಗೇರು, ಆದರೆ ಒಬ್ಬನ ಕೈಯಲ್ಲಿ ಮೌನ, ಇನ್ನೊಬ್ಬನ ಕೈಯಲ್ಲಿ ಗದ್ದಲ. ಚಾಲಕನು ಬದಲಾದ ದಿನದಿಂದಲೇ ಸದ್ದು ಆರಂಭವಾಗಿದ್ದರೆ ಮಿಸ್ತ್ರಿಯನ್ನು ಕರೆಯುವ ಮುನ್ನ ಈ ಪದ್ಧತಿಯನ್ನು ಕಲಿಸುವುದು ಸೂಕ್ತ.

ಗೇರು ಏರಿಸುವಾಗ ಕ್ಲಚ್ಚು ತುಳಿದು ನ್ಯೂಟ್ರಲ್‌ಗೆ ತಂದು, ಪೆಡಲು ಬಿಟ್ಟು, ಎಂಜಿನ್ನಿನ ವೇಗ ತಗ್ಗಲು ಕ್ಷಣಕಾಲ ತಡೆದು, ಮತ್ತೆ ಕ್ಲಚ್ಚು ತುಳಿದು ಮುಂದಿನ ಗೇರು ಹಾಕಬೇಕು. ಇಳಿಸುವಾಗ ನ್ಯೂಟ್ರಲ್‌ನಲ್ಲಿ ಪೆಡಲು ಬಿಟ್ಟಾಗ ಎಕ್ಸಿಲರೇಟರನ್ನು ಸ್ವಲ್ಪ ಒತ್ತಿ ಎಂಜಿನ್ನಿನ ವೇಗವನ್ನು ಏರಿಸಿ, ಆ ಬಳಿಕ ಕ್ಲಚ್ಚು ತುಳಿದು ಕೆಳ ಗೇರಿಗೆ ಬರಬೇಕು. ಮೇಲೆ ಹೇಳಿದ 500 ಸುತ್ತಿನ ವ್ಯತ್ಯಾಸವನ್ನು ಅಳಿಸುವುದು ಈ ಕ್ರಿಯೆಯೇ. ಸಿಂಕ್ರೊ ಉಂಗುರ ಅರ್ಧ ಸವೆದ ಲಾರಿಯನ್ನೂ ಈ ಪದ್ಧತಿಯಿಂದ ಹಂಗಾಮು ಮುಗಿಯುವವರೆಗೆ ದುಡಿಸಿ, ಬಿಡುವಿನಲ್ಲಿ ದುರಸ್ತಿಗೆ ಬಿಡಲು ಸಾಧ್ಯ.

ಘಾಟಿನ ವಿಷಯದಲ್ಲಿ ಮಾತ್ರ ಯಾವ ರಿಯಾಯಿತಿಯೂ ಸಲ್ಲದು. ತವಂದಿಯಂತಹ ಇಳಿಜಾರಿಗೆ ಬೇಕಾದ ಕೆಳ ಗೇರನ್ನು ಇಳಿಜಾರು ಆರಂಭವಾಗುವ ಮುನ್ನವೇ ಹಾಕಬೇಕು; ನಡುವೆ ಬದಲಿಸುವ ಪ್ರಯತ್ನ ಕೂಡದು. ಡೀಸೆಲ್ ಉಳಿಸಲೆಂದು ನ್ಯೂಟ್ರಲ್‌ನಲ್ಲಿ ಇಳಿಯುವುದಂತೂ ಸರ್ವಥಾ ವರ್ಜ್ಯ. ಕೆಳ ಗೇರು ಭರವಸೆಯಿಂದ ಕೂರದ ಅಥವಾ ತಾನಾಗಿ ಜಾರುವ ಲಾರಿಯನ್ನು ಸರಕು ತುಂಬಿ ಘಾಟಿಗೆ ಕಳುಹಿಸುವುದು ಚಾಲಕನ ಪ್ರಾಣವನ್ನೂ ರಸ್ತೆಯಲ್ಲಿರುವ ಇತರರ ಪ್ರಾಣವನ್ನೂ ಒತ್ತೆಯಿಟ್ಟಂತೆ. ಅಂತಹ ಲಾರಿಯನ್ನು ಬಾಡಿಗೆ ಹೋದರೂ ಸರಿಯೆಂದು ನಿಲ್ಲಿಸುವ ಧೈರ್ಯ ಮಾಲೀಕರಿಗೆ ಇರಬೇಕು.

ಬಿಚ್ಚಲೇಬೇಕಾದಾಗ

ಮೂರು ಪರೀಕ್ಷೆಗಳ ಬಳಿಕವೂ ದೋಷ ಉಳಿದರೆ ಗೇರ್‌ಬಾಕ್ಸನ್ನು ಬಿಚ್ಚುವುದು ಅನಿವಾರ್ಯ. ಆಗಲೂ ಊಹೆಗಿಂತ ಅಳತೆಗೆ ಪ್ರಾಧಾನ್ಯ ಸಲ್ಲಬೇಕು. ಸಿಂಕ್ರೊ ಉಂಗುರವನ್ನು ಅದರ ಶಂಕುವಿನ ಮೇಲೆ ಕೈಯಿಂದ ಒತ್ತಿ ಕೂರಿಸಿ, ಉಂಗುರದ ಅಂಚು ಮತ್ತು ಗೇರಿನ ಹಲ್ಲಿನ ನಡುವಿನ ಅಂತರವನ್ನು ಫೀಲರ್ ಗೇಜಿನಿಂದ ಸುತ್ತಲೂ ಅಳೆಯಬೇಕು. ಕೈಪಿಡಿಯ ಕನಿಷ್ಠ ಮಿತಿಗಿಂತ ಅಂತರ ಕಡಿಮೆಯಾಗಿದ್ದರೆ ಉಂಗುರದ ಆಯುಷ್ಯ ಮುಗಿದಿದೆ. ಡಾಗ್ ಹಲ್ಲುಗಳ ತುದಿ ಚೂಪಾಗಿರಬೇಕು. ದುಂಡಾಗಿದ್ದರೆ ಗೇರು ಕೂರಲು ಹೆಣಗುತ್ತದೆ. ಶಾಫ್ಟುಗಳ ಉದ್ದುದ್ದನೆಯ ಸಡಿಲ, ಬೇರಿಂಗುಗಳ ಅಲುಗಾಟ, ಫೋರ್ಕಿನ ತುದಿಯ ಸವೆತ ಇವನ್ನೂ ಕಾಗದದ ಮೇಲೆ ಬರೆದಿಡಬೇಕು. ಬೇರಿಂಗಿನ ಸಡಿಲವನ್ನು ಹಾಗೆಯೇ ಬಿಟ್ಟು ಹೊಸ ಉಂಗುರ ಹಾಕಿದರೆ ಅದೂ ಬೇಗನೆ ಹಾಳಾಗುತ್ತದೆ.

ಗ್ಯಾರೇಜುಗಳಲ್ಲಿ ದುಂಡಾದ ಹಲ್ಲನ್ನು ಗ್ರೈಂಡರಿನಿಂದ ಮತ್ತೆ ಚೂಪು ಮಾಡುವುದುಂಟು. ಗೇರಿನ ಹಲ್ಲಿನ ಮೇಲ್ಪದರ ಮಾತ್ರ ಗಡಸು ಮಾಡಲ್ಪಟ್ಟಿರುತ್ತದೆ. ಸಾಮಾನ್ಯವಾಗಿ ಅದರ ದಪ್ಪ ಒಂದು ಮಿಲಿಮೀಟರಿನ ಆಸುಪಾಸು. ಗ್ರೈಂಡರಿನ ಶಾಖದಿಂದ ಆ ಪದರ ಮೆತ್ತಗಾಗಿ, ತುದಿಯು ಕೆಲವೇ ದಿನಗಳಲ್ಲಿ ಮತ್ತೆ ಮಡಚಿಕೊಳ್ಳುತ್ತದೆ. ಅದು ದುರಸ್ತಿಯಲ್ಲ, ಮುಂದೂಡಿಕೆ ಮಾತ್ರ. ಬಿಚ್ಚುವಾಗ ಪ್ರತಿ ಹಂತದ ಛಾಯಾಚಿತ್ರವನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳುವುದು, ಶಿಮ್ಮುಗಳನ್ನೂ ಗ್ಯಾಸ್ಕೆಟ್ಟಿನ ದಪ್ಪವನ್ನೂ ಮೊದಲಿನಂತೆಯೇ ಇಡುವುದು ಲೇಸು. ದಪ್ಪನೆಯ ಗ್ಯಾಸ್ಕೆಟ್ಟು ಹಾಕಿದರೆ ಶಾಫ್ಟಿನ ಸಡಿಲವೇ ಬದಲಾಗುತ್ತದೆ.

ಸಣ್ಣ ಉದ್ದಿಮೆದಾರರಿಗೆ ಅವಕಾಶ

ಹಳೆಯ ಮಾದರಿಗಳ ಬಿಡಿಭಾಗಗಳು ಮಾರುಕಟ್ಟೆಯಲ್ಲಿ ವಿರಳವಾಗುತ್ತಿರುವಂತೆ ಯಂತ್ರಶಾಲೆಗಳಿಗೆ ಕೆಲಸ ದೊರೆಯುತ್ತದೆ. ಈ ಗಡಿಭಾಗವು ಯಂತ್ರೋದ್ಯಮಕ್ಕೆ ಹೊಸದೇನಲ್ಲ. ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದು, ಮುಂದೆ 1910ರಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದ ಪರಂಪರೆ ಇಲ್ಲಿಯದೇ. ಬೆಳಗಾವಿಯ ಉದ್ಯಮಬಾಗ ಮತ್ತು ಕೊಲ್ಲಾಪುರದ ಶಿರೋಲಿಯ ಎರಕ ಹಾಗೂ ಯಂತ್ರ ಘಟಕಗಳು ಈ ಐದೂ ತಾಲೂಕುಗಳಿಂದ ಕೆಲವೇ ಗಂಟೆಗಳ ದಾರಿ.

ಪಿನ್ನು, ಬುಶ್, ಕ್ಲಚ್ಚಿನ ಲಿಂಕುಗಳು, ಫೋರ್ಕಿನ ತುದಿಗೆ ಹಿತ್ತಾಳೆ ತುಂಬಿ ಮತ್ತೆ ಅಳತೆಗೆ ತರುವುದು ಮುಂತಾದ ಕೆಲಸಗಳನ್ನು ಸಾಮಾನ್ಯ ಲೇತ್ ಮತ್ತು ಮಿಲ್ಲಿಂಗ್ ಯಂತ್ರಗಳುಳ್ಳ ಘಟಕವೂ ನಿರ್ವಹಿಸಬಲ್ಲದು. ಆದರೆ ಗೇರು ಮತ್ತು ಸಿಂಕ್ರೊ ಉಂಗುರಗಳ ತಯಾರಿಕೆಗೆ ಇಳಿಯುವವರು ಎರಡು ಎಚ್ಚರಿಕೆಗಳನ್ನು ಪಾಲಿಸಬೇಕು. ಮೊದಲನೆಯದು, ಸವೆದ ನಮೂನೆಯನ್ನು ಅಳೆದು ಹೊಸದನ್ನು ಮಾಡಿದರೆ ಸವೆತವನ್ನೂ ನಕಲು ಮಾಡಿದಂತಾಗುತ್ತದೆ. ಶಂಕುವಿನ ಕೋನದಲ್ಲಿ ಅಲ್ಪ ವ್ಯತ್ಯಾಸವಾದರೂ ಉಂಗುರವು ಹಿಡಿಯುವುದೇ ಇಲ್ಲ ಅಥವಾ ಕಚ್ಚಿಕೊಂಡು ಬಿಡುವುದೇ ಇಲ್ಲ. ಎರಡನೆಯದು, ಲೋಹ ಮತ್ತು ಉಷ್ಣೋಪಚಾರ. ಗೇರುಗಳಿಗೆ 20 ಎಂಎನ್‌ಸಿಆರ್ 5ರಂತಹ ಮಿಶ್ರ ಉಕ್ಕನ್ನು ಬಳಸಿ, ಕಾರ್ಬುರೈಸಿಂಗ್ ಮಾಡಿ, ಮೇಲ್ಮೈಗೆ ರಾಕ್‌ವೆಲ್ ಸಿ ಮಾಪಕದಲ್ಲಿ ಸುಮಾರು 58ರಿಂದ 62ರಷ್ಟು ಗಡಸುತನ ಬರಿಸುವುದು ರೂಢಿ. ಸಾಮಾನ್ಯ ಹಿತ್ತಾಳೆಯ ಸರಳಿನಿಂದ ತಿರುವಿದ ಉಂಗುರವು ನೋಟಕ್ಕೆ ಒಂದೇ ಆದರೂ ಬಾಳಿಕೆಯಲ್ಲಿ ಒಂದಲ್ಲ. ಪ್ರತಿ ತಂಡದ ಗಡಸುತನದ ಪರೀಕ್ಷಾ ವರದಿಯನ್ನು ಗ್ರಾಹಕರಿಗೆ ನೀಡುವ ಘಟಕವು ನಂಬಿಕೆಯನ್ನು ಗಳಿಸುವುದರಲ್ಲಿ ಸಂಶಯವಿಲ್ಲ.

ಲೆಕ್ಕದ ಪುಸ್ತಕದಲ್ಲಿ ಗೇರ್‌ಬಾಕ್ಸಿಗೂ ಒಂದು ಪುಟ

ಎಂಟು ವರ್ಷ ಮೀರಿದ ಸಾರಿಗೆ ವಾಹನವು ಪ್ರತಿ ವರ್ಷ ಅರ್ಹತಾ ಪ್ರಮಾಣಪತ್ರವನ್ನು ನವೀಕರಿಸಿಕೊಳ್ಳಬೇಕು. 2021ರಲ್ಲಿ ಕೇಂದ್ರ ಸರಕಾರವು ಹಳೆಯ ವಾಹನಗಳ ಗುಜರಿ ನೀತಿಯನ್ನು ಪ್ರಕಟಿಸಿದ ತರುವಾಯ, ಹದಿನೈದು ವರ್ಷ ದಾಟಿದ ಲಾರಿಗಳ ಪರೀಕ್ಷಾ ಶುಲ್ಕವೂ ಏರಿದೆ. ಆದ್ದರಿಂದ ಹಳೆಯ ಲಾರಿಯನ್ನು ಉಳಿಸಿಕೊಳ್ಳುವುದು ಲಾಭವೋ ನಷ್ಟವೋ ಎಂಬುದನ್ನು ಅಭಿಮಾನದಿಂದಲ್ಲ, ಲೆಕ್ಕದಿಂದ ನಿರ್ಧರಿಸಬೇಕು. ಅದಕ್ಕೆ ಒಂದು ಸಣ್ಣ ನೋಟ್‌ಬುಕ್ಕು ಸಾಕು: ಎಣ್ಣೆ ಬದಲಿಸಿದ ದಿನಾಂಕ ಮತ್ತು ದರ್ಜೆ, ಕ್ಲಚ್ಚು ಹೊಂದಿಸಿದ ದಿನ, ಸದ್ದು ಬಂದ ಗೇರು, ನಿಂತ ದಿನಗಳು, ಆದ ಖರ್ಚು. ಎರಡು ಹಂಗಾಮುಗಳ ಇಂತಹ ದಾಖಲೆಯು ಲಾರಿಯನ್ನು ಇಡಬೇಕೋ ಮಾರಬೇಕೋ ಎಂಬ ಪ್ರಶ್ನೆಗೆ ತಾನೇ ಉತ್ತರ ಹೇಳುತ್ತದೆ.

ದಸರೆಯಲ್ಲಿ ಆಯುಧಪೂಜೆಗೆಂದು ಲಾರಿಯನ್ನು ತೊಳೆದು ಹೂಮಾಲೆ ಹಾಕುವ ಸಂಪ್ರದಾಯ ಎಲ್ಲೆಡೆಯೂ ಇದೆ. ಹಂಗಾಮು ಆರಂಭವಾಗುವುದೂ ಅದರ ಹಿಂದೆಯೇ. ಆ ದಿನಗಳಲ್ಲಿಯೇ ಪೆಡಲಿನ ಖಾಲಿ ಚಲನೆಯನ್ನು ಅಳೆದು, ಎಣ್ಣೆಯನ್ನು ತಟ್ಟೆಯಲ್ಲಿ ಹಿಡಿದು ನೋಡಿ, ಹತ್ತು ಸೆಕೆಂಡಿನ ಪರೀಕ್ಷೆಯನ್ನು ನಡೆಸಿದರೆ, ಕಬ್ಬು ತುಂಬಿದ ಲಾರಿಯು ನಡುರಾತ್ರಿ ಕೃಷ್ಣಾ ತೀರದ ಎರೆಮಣ್ಣಿನಲ್ಲಿ ಗೇರು ಕೂರದೆ ನಿಲ್ಲುವ ಪ್ರಸಂಗ ಬಾರದು. ಗೇರ್‌ಬಾಕ್ಸನ್ನು ಬಿಚ್ಚುವ ಪಾನಾ ಯಾವಾಗಲೂ ಕೈಗೆಟಕುವಂತೆ ಇರಲಿ. ಆದರೆ ಅದನ್ನು ಎತ್ತಿಕೊಳ್ಳುವುದು ಎಲ್ಲಕ್ಕಿಂತ ಕೊನೆಗೆ ಆಗಲಿ.